ಎರಡು ಮನೆಯ ಅಂಪೈರ್

ಕಳೆದ ತಿಂಗಳು ವರದಿಯೊಂದಕ್ಕಾಗಿ ಮಾದಾಪುರದ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಆಟದ ಸಾಮಾನಿನ ಕೋಣೆಯ ಬೀಗ ತೆಗೆದ ಕೂಡಲೇ ಒಳಗಿನಿಂದ ಒಂದು ವಾಸನೆ ಬಂತು. ಮಳೆಯಲ್ಲಿ ನೆನೆದು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿದ ಹಳೆಯ ಕ್ಯಾನ್ವಾಸ್ ಪ್ಯಾಡಿನ ವಾಸನೆ. ಅರ್ಧ ಬೂಷ್ಟು, ಅರ್ಧ ಹೊಗೆ. ಈಗಿನ ಗೋಲ್‌ಕೀಪರುಗಳು ಕಟ್ಟುವ ಫೋಮಿನ ಪ್ಯಾಡುಗಳಿಗೆ ಅದು ಅಂಟುವುದಿಲ್ಲ. ಶಾಲೆಯವರು ಏನೋ ವಿವರಿಸುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಆದರೆ ಮನಸ್ಸು ಪೊನ್ನಂಪೇಟೆಯ ಒಂದು ಅಡುಗೆಮನೆಗೆ ಹೋಗಿಬಿಟ್ಟಿತ್ತು…

ಆ ಅಡುಗೆಮನೆ ನಮ್ಮ ಶಾಲೆಯ ಡ್ರಿಲ್ ಟೀಚರದು. ಅವರು ನಮ್ಮ ಪಕ್ಕದ ಮನೆಯವರೂ ಆಗಿದ್ದರು. ನಡುವೆ ಒಂದು ದಾಸವಾಳದ ಬೇಲಿ, ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಜಾಗ. ನಾವು ಹಾಸನದ ಕಡೆಯಿಂದ ಬಂದವರು. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಅಮ್ಮ ವಿರಾಜಪೇಟೆಯಲ್ಲಿ ನರ್ಸ್. ಅಮ್ಮನಿಗೆ ಮಧ್ಯಾಹ್ನದ ಪಾಳಿ ಇದ್ದ ದಿನಗಳಲ್ಲಿ ನಾನು ಶಾಲೆ ಬಿಟ್ಟವಳು ನೇರ ಆ ಅಡುಗೆಮನೆಗೆ ಹೋಗುತ್ತಿದ್ದೆ. ಅಕ್ಕಿ ರೊಟ್ಟಿ, ಬೆಲ್ಲದ ಕಾಫಿ, ತಲೆಯ ಮೇಲೆ ಒಣಗುವ ಪ್ಯಾಡುಗಳು. ಹೀಗೆ ಏಳೆಂಟು ವರ್ಷ. ಅದಕ್ಕೆ ಅವರು ನಮ್ಮಿಂದ ಏನನ್ನೂ ಬಯಸಲಿಲ್ಲ. ನಾವೂ ಕೊಟ್ಟದ್ದು ಕಡಿಮೆಯೇ.

ಮನೆಯಲ್ಲಿ ಅವರು ನನ್ನನ್ನು 'ಕುಂಞಿ' ಎನ್ನುತ್ತಿದ್ದರು, ಕೊಡವರು ಮಗುವನ್ನು ಕರೆಯುವ ಹಾಗೆ. ನಾನು ಅವರನ್ನು 'ಆಂಟಿ' ಎನ್ನುತ್ತಿದ್ದೆ. ಶಾಲೆಯ ಗೇಟು ದಾಟಿದರೆ ನನಗೆ ಹಾಜರಿ ಸಂಖ್ಯೆ ಮಾತ್ರ ಇತ್ತು. ಒಮ್ಮೆ ಡ್ರಿಲ್‌ಗೆ ತಡವಾಗಿ ಬಂದೆ. ತಡವಾದದ್ದು ಬೆಳಿಗ್ಗೆ ಅವರದೇ ಮನೆಯಲ್ಲಿ ಎರಡನೆಯ ರೊಟ್ಟಿ ತಿನ್ನುತ್ತಾ ಕುಳಿತದ್ದಕ್ಕೆ. ಅವರೇ ಬಡಿಸಿ ಮುಂದೆ ಹೋಗಿದ್ದರು. ಮೈದಾನಕ್ಕೆ ಆರು ಸುತ್ತು ಓಡಿಸಿದರು. ಸಂಜೆ ಅಳುತ್ತಾ ಬೇಲಿ ದಾಟಿ ಹೋದೆ. ಬಿಸಿನೀರಿನಲ್ಲಿ ನನ್ನ ಕಾಲು ಇಳಿಬಿಟ್ಟು, "ಪಾಪ, ಯಾರು ಮಾರಾಯ್ತಿ ಇಷ್ಟು ಓಡಿಸಿದ್ದು? ಟೀಚರಾ? ಕೆಟ್ಟವಳು ಅವಳು," ಎಂದರು. ನಗಲಿಲ್ಲ. ಅವರು ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ಎಂದು ನನಗೆ ಆಗ ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿಲ್ಲ.

ಅವರು ಹಾಕಿ ಅಂಪೈರ್ ಕೂಡ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆದವರು. ನಮ್ಮ ಕಡೆ ಅಂಥ ಹೆಂಗಸರು ಆಗ ಬೆರಳೆಣಿಕೆಯಷ್ಟು. ಕೊಡಗಿನಲ್ಲಿ ಬೇಸಿಗೆ ರಜೆ ಎಂದರೆ ಮನೆತನಗಳ ಹಾಕಿ. ಒಂದೊಂದು ಮನೆತನ ಒಂದೊಂದು ತಂಡ. ಅಜ್ಜನೂ ಮೊಮ್ಮಗನೂ ಒಂದೇ ಬಣ್ಣದ ಬನಿಯನ್ ಹಾಕಿಕೊಂಡು ಇಳಿಯುತ್ತಾರೆ, ಹೆಂಗಸರೂ ಇಳಿಯುತ್ತಾರೆ. ನಮ್ಮೂರಿನ ಪಂದ್ಯಾವಳಿಯಲ್ಲಿ ಮದುವೆಯಾದ ಹೆಣ್ಣುಮಗಳು ಗಂಡನ ಮನೆಗೂ ಆಡಬಹುದಿತ್ತು, ಹುಟ್ಟಿದ ಮನೆಗೂ ಆಡಬಹುದಿತ್ತು. ಒಂದು ವರ್ಷಕ್ಕೆ ಒಂದೇ ಕಡೆ. ಹುಟ್ಟಿದ ಮನೆಯನ್ನು ಅವರು 'ತಾಮನೆ' ಎನ್ನುತ್ತಾರೆ. ಪ್ರತಿ ವರ್ಷ ಹೆಸರು ಬರೆಸುವ ಹೊತ್ತಿಗೆ ಅವರ ಅಡುಗೆಮನೆಯಲ್ಲಿ ಇದೇ ಮಾತು. ಅತ್ತೆ ಕೇಳುತ್ತಿದ್ದರು, ತಾಮನೆಯಿಂದ ಅಣ್ಣ ಬಂದು ಕೇಳುತ್ತಿದ್ದರು. "ಈ ವರ್ಷ ಯಾವ ಮನೆಗೆ ಆಡ್ತೀ?" ಟೀಚರ್ ಕೊರಳಿನ ವಿಶಲ್ ಎತ್ತಿ ತೋರಿಸುತ್ತಿದ್ದರು. "ಇದಕ್ಕೆ."

ನಾನು ಪದವಿಯ ಎರಡನೆಯ ವರ್ಷದಲ್ಲಿದ್ದಾಗ ಒಂದು ಸ್ಥಳೀಯ ಪತ್ರಿಕೆಗೆ ಪಂದ್ಯಗಳ ವರದಿ ಬರೆದು ಕೊಡುತ್ತಿದ್ದೆ. ಆ ವರ್ಷ ಅವರ ಗಂಡನ ಮನೆಯ ತಂಡಕ್ಕೂ ತಾಮನೆಯ ತಂಡಕ್ಕೂ ಪಂದ್ಯ ಬಿತ್ತು. ಸೋತವರು ಮನೆಗೆ. ತನ್ನ ಮನೆತನದ ಪಂದ್ಯಕ್ಕೆ ಯಾರೂ ಅಂಪೈರ್ ಆಗಬಾರದು ಎಂಬುದು ಅಲ್ಲಿಯ ನಿಯಮ. ಆದರೆ ವಿರಾಜಪೇಟೆಯಿಂದ ಬರಬೇಕಿದ್ದ ಅಂಪೈರಿನ ಜೀಪು ದಾರಿಯಲ್ಲಿ ಕೆಟ್ಟು ನಿಂತಿತು. ಅಂಪೈರ್ ಇಬ್ಬರು ಬೇಕು, ಮೈದಾನದ ಅರ್ಧರ್ಧಕ್ಕೆ ಒಬ್ಬೊಬ್ಬರು. ಒಬ್ಬರೇ ಇದ್ದರು. ಸರ್ಟಿಫಿಕೇಟ್ ಇರುವ ಇನ್ನೊಬ್ಬರು ಎಂದರೆ ಅಲ್ಲಿದ್ದವರಲ್ಲಿ ಟೀಚರ್ ಮಾತ್ರ. ಸಮಿತಿಯವರು ಎರಡೂ ನಾಯಕರನ್ನು ಕೇಳಿದರು. ಇಬ್ಬರೂ ತಕ್ಷಣ ಒಪ್ಪಿದರು. ಒಬ್ಬರು "ನಮ್ಮ ಮನೆ ಸೊಸೆ ಅಲ್ವಾ" ಎಂದರು, ಇನ್ನೊಬ್ಬರು "ನಮ್ಮ ಮನೆ ಮಗಳು ಅಲ್ವಾ" ಎಂದರು. ಟೀಚರ್ ಮಾತ್ರ ಕೊರಳಿನ ವಿಶಲ್ ತೆಗೆದು ಅಂಗೈಯಲ್ಲಿಟ್ಟು ನೋಡಿ, ಮತ್ತೆ ಹಾಕಿಕೊಂಡರು…

ಹಿಂದಿನ ದಿನ ಮಳೆ ಹೊಯ್ದಿತ್ತು. ಗೋಲಿನ ಮುಂದೆ ಸುಣ್ಣದಲ್ಲಿ ಎಳೆಯುವ ಅರ್ಧವೃತ್ತವನ್ನು ಆಟಗಾರರು 'ಡಿ' ಎನ್ನುತ್ತಾರೆ. ಚೆಂಡನ್ನು ಅದರ ಒಳಗಿನಿಂದ ಹೊಡೆದರೆ ಮಾತ್ರ ಗೋಲು. ಮಳೆಗೆ ಅಳಿಸಿಹೋಯಿತೆಂದು ಸ್ವಯಂಸೇವಕರು ಬೆಳಿಗ್ಗೆ ಹೊಸ ಗೆರೆ ಎಳೆದಿದ್ದರು. ಒಂದು ತುದಿಯಲ್ಲಿ ಅದು ಹಳೆಯ ಗೆರೆಯ ಮೇಲೆ ಬೀಳದೆ ಎರಡು ಮಾರು ಒಳಗೆ ಬಿದ್ದಿತ್ತು. ಬಿಸಿಲೇರಿ ನೆಲ ಒಣಗಿದ ಮೇಲೆ ಹಳೆಯದೂ ಬೆಳ್ಳಗೆ ಎದ್ದು ಕಂಡಿತು. ಪಂದ್ಯಕ್ಕೆ ಮುಂಚೆ ಟೀಚರ್ ಇಬ್ಬರು ನಾಯಕರನ್ನೂ ಅಲ್ಲಿಗೆ ಕರೆದರು. "ಒಳಗಿನ ಗೆರೆಯೇ ಗೆರೆ. ಹೊರಗಿಂದು ಇಲ್ಲ ಅಂತಲೇ ತಿಳ್ಕೊಳ್ಳಿ." ನಾನು ಪಕ್ಕದಲ್ಲೇ ಇದ್ದೆ, ಬರೆದುಕೊಂಡೆ.

ಶಾಮಿಯಾನದ ಮೊದಲ ಸಾಲಿನಲ್ಲಿ ಅವರ ಅತ್ತೆ ಕುಳಿತಿದ್ದರು. ಎಪ್ಪತ್ತು ದಾಟಿದವರು. ಹಾಕಿಯ ಎಲ್ಲ ನಿಯಮಗಳನ್ನೂ ಬಲ್ಲವರು, ತಮಗೆ ಬೇಕಾದವನ್ನು ಮಾತ್ರ ಒಪ್ಪುವವರು. ಕೊಡವ ತಕ್ಕಿನಲ್ಲಿ ಅವರು ಕೂಗಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ನೋಡಿ, ನೋಡಿ! ನಮ್ಮ ಹುಡುಗನ ಕಾಲು ಮುರಿದರೂ ಪೀಪಿ ಊದುವುದಿಲ್ಲ! ಅಣ್ಣನ ಮಗನಿಗೆ ಬೆವರು ಬಂದರೆ ಊದುತ್ತಾಳೆ!" ಸುತ್ತಲಿನವರೆಲ್ಲ ನಕ್ಕರು. ಟೀಚರ್ ತಿರುಗಿ ನೋಡಲಿಲ್ಲ. ಪಂದ್ಯದುದ್ದಕ್ಕೂ ಆ ಅಜ್ಜಿಯ ಬಾಯಿ ನಿಲ್ಲಲಿಲ್ಲ.

ಒಂದೊಂದು ಗೋಲಿನ ಸಮ. ಆಟ ಮುಗಿಯಲು ಇನ್ನೇನು ಎರಡು ನಿಮಿಷ. ಗಂಡನ ಮನೆಯ ಒಬ್ಬ ಆಟಗಾರ ಎರಡು ಗೆರೆಗಳ ನಡುವಿನಿಂದ ಚೆಂಡನ್ನು ಬಲವಾಗಿ ಹೊಡೆದ. ನಾನು ಗೋಲಿನ ಪಕ್ಕದಲ್ಲೇ ನಿಂತಿದ್ದೆ. ಗೋಲ್‌ಕೀಪರ್ ಟೀಚರ ಅಣ್ಣನ ಮಗ. ಅವನಿಗೂ ಕಂಡಿತ್ತು. ಹೊರಗಿನಿಂದ ಬಂದದ್ದು ಗೋಲಲ್ಲವೆಂದು ಕೈ ಮೇಲೆತ್ತಿ, ಕಾಲು ಅಡ್ಡ ತಾರದೆ ಚೆಂಡನ್ನು ಬಿಟ್ಟುಬಿಟ್ಟ. ಅದು ಹೋಗಿ ಗೋಲಿನೊಳಗಿನ ಹಲಗೆಗೆ ಬಡಿಯಿತು. ವಿಶಲ್ ತಕ್ಷಣ ಬರಲಿಲ್ಲ. ಅರ್ಧ ಸೆಕೆಂಡು ಇರಬೇಕು, ಹೆಚ್ಚಿಲ್ಲ. ಆಮೇಲೆ ಬಂತು. ಟೀಚರ ಕೈ ಮೈದಾನದ ನಡುವನ್ನು ತೋರಿಸಿತು. ಗೋಲು.

ಕೂಗಾಟವಾಯಿತು. ತಾಮನೆಯ ನಾಯಕ, ಅಂದರೆ ಅವರ ಅಣ್ಣ, ಓಡಿ ಬಂದು ಎದುರು ನಿಂತರು. ತಂಗಿಯನ್ನು ನೋಡಿದರು, ಹಿಂದಕ್ಕೆ ಹೋದರು. ಅದೇ ಗೋಲಿನಲ್ಲಿ ಪಂದ್ಯ ಮುಗಿಯಿತು.

ಮರುದಿನ ಬೆಳಗಿನ ಬಸ್ಸಿನಲ್ಲಿ ನನ್ನ ವರದಿ ಮುದ್ರಣಕ್ಕೆ ಹೋಗಬೇಕಿತ್ತು. ಹಾಳೆಯನ್ನೂ ಟಿಪ್ಪಣಿ ಪುಸ್ತಕವನ್ನೂ ಕೈಯಲ್ಲಿ ಹಿಡಿದು ಮನೆಯಿಂದ ಹೊರಗೆ ಬಂದೆ. ಟೀಚರ್ ಬೇಲಿಯ ಹತ್ತಿರ ನಿಂತಿದ್ದರು. ನನಗಾಗಿಯೇ ನಿಂತಿದ್ದರೆಂದು ನೋಡಿದಾಗಲೇ ಗೊತ್ತಾಯಿತು.

"ನಿನ್ನೆ ನೀನು ಎಲ್ಲಿ ನಿಂತಿದ್ದೆ?"

"ಗೋಲಿನ ಪಕ್ಕ."

"ಹಾಗಾದ್ರೆ ಕಂಡಿದೆ. ಏನು ಬರೆದಿದ್ದೀ?"

"ಮಳೆಗೆ ಗೆರೆ ಎರಡಾಗಿ ಗೊಂದಲ ಆಯ್ತು ಅಂತ."

"ಯಾರಿಗೆ ಗೊಂದಲ? ಯಾವ ಗೆರೆ ಅಂತ ಹೇಳಿದವಳೇ ನಾನು."

ನಿಮ್ಮ ಮನೆಯವರು ಗೆದ್ದಿದ್ದಾರೆ, ಇನ್ನು ಯಾಕೆ ಆಂಟಿ ಎಂದೆ. ಅವರ ಉತ್ತರ ನನಗೆ ಇವತ್ತಿಗೂ ಶಬ್ದ ಶಬ್ದವಾಗಿ ನೆನಪಿದೆ. "ಈಗ ಆಂಟಿ ಬೇಡ. ಅಂಪೈರ್ ಇಲ್ಲಿದ್ದಾಳೆ, ಪೇಪರಿನವಳು ಅಲ್ಲಿದ್ದಾಳೆ. ಕೇಳ್ಬೇಕಾದ್ದು ಕೇಳು."

ಜೀವನದಲ್ಲಿ ನಾನು ಕೇಳಿದ ಮೊದಲ ವೃತ್ತಿಯ ಪ್ರಶ್ನೆ ಅದು. ನಿಮ್ಮ ತೀರ್ಪು ಸರಿಯಾಗಿತ್ತೇ ಎಂದು ಕೇಳಿದೆ. "ತಪ್ಪಿತ್ತು. ಹೊಡೆತ ಹೊರಗಿಂದು. ಗೋಲಲ್ಲ," ಎಂದರು. ನಾನು ಬರೆದುಕೊಳ್ಳುವ ತನಕ ಕಾದರು.

"ಆಯ್ತಾ? ಇನ್ನು ಪುಸ್ತಕ ಮುಚ್ಚು."

ಮುಚ್ಚಿದೆ. ಅವರು ಬೇಲಿಯ ಗೂಟ ಹಿಡಿದುಕೊಂಡರು. "ಗೆರೆ ಕಂಡಿತ್ತು ಕುಂಞಿ. ಸರಿಯಾಗೇ ಕಂಡಿತ್ತು. ಆಮೇಲೆ ಅತ್ತೆ ಮುಖ ಕಂಡಿತು." ಗೂಟದಿಂದ ಕೈ ತೆಗೆದು, "ಊದಿದ್ದು ಅಂಪೈರ್ ಅಲ್ಲ, ಸೊಸೆ," ಎಂದರು.

ಬಸ್ಸಿನಲ್ಲಿ ಹಾಳೆಯ ಹಿಂಬದಿಯಲ್ಲಿ ವರದಿಯನ್ನು ತಿದ್ದಿ ಬರೆದೆ. ನಿರ್ಣಾಯಕ ಗೋಲಿನ ಹೊಡೆತ ವೃತ್ತದ ಹೊರಗಿನಿಂದ ಬಂದಿತ್ತು, ತೀರ್ಪು ತಪ್ಪೆಂದು ಅಂಪೈರ್ ಒಪ್ಪಿಕೊಂಡಿದ್ದಾರೆ. ಅಷ್ಟೇ. ಪುಸ್ತಕ ಮುಚ್ಚಿದ ಮೇಲಿನ ಮಾತನ್ನು ಬರೆಯಲಿಲ್ಲ. ಇಷ್ಟು ವರ್ಷ ಎಲ್ಲಿಯೂ ಬರೆದಿಲ್ಲ. ಈಗ ಬರೆಯುತ್ತಿರುವುದರಿಂದಲೇ ಇಲ್ಲಿ ಯಾರ ಹೆಸರನ್ನೂ ಹಾಕುತ್ತಿಲ್ಲ.

ಫಲಿತಾಂಶ ಬದಲಾಗಲಿಲ್ಲ. ಅಂಪೈರ್ ಒಮ್ಮೆ ಕೊಟ್ಟದ್ದು ಕೊಟ್ಟದ್ದೇ. ಉಳಿದದ್ದೆಲ್ಲ ಬದಲಾಯಿತು. "ಗೆದ್ದದ್ದನ್ನು ಕದ್ದದ್ದು ಮಾಡಿಬಿಟ್ಟಳು," ಎಂದು ಗಂಡನ ಮನೆಯ ದೊಡ್ಡವರೊಬ್ಬರು ಪೇಟೆಯ ಅಂಗಡಿಯಲ್ಲಿ ನಿಂತು ಹೇಳಿದ್ದನ್ನು ಅಪ್ಪನೇ ಕೇಳಿಸಿಕೊಂಡು ಬಂದರು. ಆ ಮಳೆಗಾಲ ಪೂರ್ತಿ ಅತ್ತೆ ಸೊಸೆಯೊಡನೆ ಮಾತಾಡಲಿಲ್ಲ. ಒಂದೇ ಅಡುಗೆಮನೆಯಲ್ಲಿ ಬೆಕ್ಕಿಗೆ ಹೇಳುವಂತೆ ಹೇಳಿ ಸೊಸೆಗೆ ಕೇಳಿಸುತ್ತಿದ್ದರು. ಗಂಡ ಮೃದು ಸ್ವಭಾವದವರು. ಹೆಂಡತಿಯ ಕಡೆಯೂ ಮಾತಾಡಲಿಲ್ಲ, ತಾಯಿಯ ಕಡೆಯೂ ಮಾತಾಡಲಿಲ್ಲ. ಟೀಚರ್ ತಾಮನೆಗೆ ಹೋಗಿ ಅಣ್ಣನ ಮಗನ ಎದುರು, ಮನೆಯ ಎಲ್ಲರ ಎದುರು, ತಪ್ಪಾಯಿತು ಎಂದರು. ಅಣ್ಣ ಏನೂ ಹೇಳದೆ ಒಂದು ಲೋಟ ಕಾಫಿ ಕೊಟ್ಟರಂತೆ. ಆ ಕಾಫಿಯ ಅರ್ಥವೇನೆಂದು ತನಗೆ ಗೊತ್ತಾಗಲಿಲ್ಲ ಎಂದು ಅವರು ನನ್ನಮ್ಮನ ಹತ್ತಿರ ಹೇಳಿದ್ದರು.

ಮುಂದಿನ ವರ್ಷ ಅಂಪೈರುಗಳ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅದರ ಮುಂದಿನ ವರ್ಷವೂ ಇರಲಿಲ್ಲ. ಯಾರೂ ಬೇಡವೆಂದು ಹೇಳಲಿಲ್ಲ, ಕರೆಯಲಿಲ್ಲ ಅಷ್ಟೇ. ಶಾಲೆಯ ಪಂದ್ಯಗಳಿಗೆ ವಿಶಲ್ ಊದಿದರು, ಹುಡುಗಿಯರ ತಂಡ ಕಟ್ಟಿದರು, ನಿವೃತ್ತರಾದರು. ಮನೆತನಗಳ ಹಾಕಿಗೆ ಪ್ರತಿ ಬೇಸಿಗೆಯಲ್ಲೂ ಬರುತ್ತಿದ್ದರು. ಶಾಮಿಯಾನದ ಕೊನೆಯ ಸಾಲಿನಲ್ಲಿ ಕುಳಿತು ನೋಡಿ ಹೋಗುತ್ತಿದ್ದರು. ಯಾವ ಮನೆಗೂ ಆಡಲಿಲ್ಲ. ಕೇಳುವುದನ್ನೂ ಎರಡೂ ಕಡೆಯವರು ನಿಲ್ಲಿಸಿದ್ದರು. ನನ್ನ ಆ ಒಂದು ಸಾಲು ಇರದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಒಮ್ಮೆ ಅವರನ್ನೇ ಕೇಳಿದೆ. "ನೀನು ಬರೆಯದಿದ್ರೆ ನಾನೇ ಒಂದು ಕಾಗದ ಬರೆದು ನಿಮ್ಮ ಪೇಪರಿಗೆ ಹಾಕ್ತಿದ್ದೆ. ನನ್ನ ಕನ್ನಡ ನೋಡಿ ನಿಮ್ಮ ಎಡಿಟರು ಅಳ್ತಿದ್ರು," ಎಂದರು.

ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು ನಾನು ಈ ಕೆಲಸದಲ್ಲಿ. ಪರಿಚಿತರ ಬಗ್ಗೆ ಬರೆಯಬೇಕಾಗಿ ಬಂದಾಗಲೆಲ್ಲ, ಕೊಡಗಿನಷ್ಟು ಸಣ್ಣ ಜಿಲ್ಲೆಯಲ್ಲಿ ಅದು ವಾರಕ್ಕೊಮ್ಮೆ ಬರುತ್ತದೆ, ಎದುರಿಗಿರುವವರಿಗೆ ಮೊದಲೇ ಹೇಳುತ್ತೇನೆ: ಈಗ ಪೇಪರಿನವಳು ಕೇಳುತ್ತಿದ್ದಾಳೆ. ಪುಸ್ತಕ ಮುಚ್ಚಿದಾಗ ಅದನ್ನೂ ಹೇಳುತ್ತೇನೆ. ಇದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಕಲಿಸಿದವರು ಅದಕ್ಕೆ ತೆತ್ತದ್ದು ಎಷ್ಟೆಂದು ನನಗೆ ಗೊತ್ತು. ನನಗೆ ಅವರು ಅನ್ನ ಹಾಕಿದರು, ಓಡಿಸಿದರು, ಕೊನೆಗೆ ತಮ್ಮ ತಪ್ಪನ್ನೇ ಎದುರಿಗಿಟ್ಟು ಬರೆಯಲು ಕಲಿಸಿದರು. ಇಷ್ಟನ್ನೂ ಒಬ್ಬರಿಂದಲೇ ಪಡೆದವರು ಹೆಚ್ಚು ಜನ ಇರಲಾರರು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಚೇರಿಗೆ ಅವರ ನಿಧನದ ಸುದ್ದಿ ಎರಡು ಕಡೆಯಿಂದ ಬಂತು, ಒಂದು ಗಂಟೆಯ ಅಂತರದಲ್ಲಿ. ಮೊದಲನೆಯದು ಗಂಡನ ಮನೆಯದು. ಇಂಥವರ ಪತ್ನಿ, ಇಷ್ಟು ಮಕ್ಕಳ ತಾಯಿ, ನಿವೃತ್ತ ದೈಹಿಕ ಶಿಕ್ಷಕಿ, ತಾಮನೆ ಇಂಥದ್ದು. ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಹೆಂಗಸರ ಸಾವಿನ ಸುದ್ದಿ ಬರುವ ಕ್ರಮವೇ ಅದು. ಎರಡನೆಯದನ್ನು ಕಳಿಸಿದವರು ತಾಮನೆಯ ಅಣ್ಣ. ಚೀಟಿಯಲ್ಲಿ ಮೊದಲಿಗೆ ಹೆಸರು, ಹೆಸರಿನ ಪಕ್ಕದಲ್ಲೇ 'ಹಾಕಿ ಅಂಪೈರ್'. ಉಳಿದದ್ದೆಲ್ಲ ಆಮೇಲೆ.

ನಿಧನದ ಪ್ರತಿ ಸುದ್ದಿಯನ್ನೂ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು ಎಂಬುದು ನಮ್ಮ ಡೆಸ್ಕಿನ ನಿಯಮ. ಅಣ್ಣನಿಗೆ ಫೋನ್ ಮಾಡಿದೆ. ಎಂಬತ್ತರ ಧ್ವನಿ. ಪತ್ರಿಕೆಯಿಂದ ಎಂದಷ್ಟೇ ಹೇಳಿ, ಅಂಪೈರ್ ಎಂದು ಬರೆದಿದ್ದೀರಿ, ಹಾಗೆಯೇ ಹಾಕಬಹುದೇ ಎಂದು ಕೇಳಿದೆ.

"ಹಾಕಿ, ಹಾಕಿ. ನಮ್ಮನ್ನೇ ಸೋಲಿಸಿದವಳು. ಆಮೇಲೆ ಮನೆಗೆ ಬಂದು ತಪ್ಪು ಅಂತ ಹೇಳಿದ್ಳು. ಅಂಥ ಅಂಪೈರ್ ಇನ್ನೊಬ್ಬರು ಎಲ್ಲಿದ್ದಾರೆ, ನೀವೇ ಹೇಳಿ?"

ಇದನ್ನು ನೀವು ಅವರಿಗೆ ಹೇಳಿದ್ದಿರಾ ಎಂದು ಕೇಳಬೇಕೆನಿಸಿತು. ಅದು ಪೇಪರಿನವಳ ಪ್ರಶ್ನೆಯಲ್ಲ. ಕೇಳಲಿಲ್ಲ. ಅವರೇ, "ಇರುವಾಗ ಹೇಳ್ಲಿಲ್ಲ ನಾನು," ಎಂದರು.

ಎರಡು ಚೀಟಿಗಳನ್ನೂ ಸೇರಿಸಿ ಒಂದು ಸುದ್ದಿ ಮಾಡಿದೆ. ಅಂಪೈರ್ ಎಂಬುದನ್ನು ಅಣ್ಣ ಇಟ್ಟ ಜಾಗದಲ್ಲೇ ಇಟ್ಟೆ. ಅಂಥ ಅಂಪೈರ್ ಇನ್ನೊಬ್ಬರಿಲ್ಲ ಎಂದು ಅವರಿರುವಾಗ ನಾನೂ ಹೇಳಿರಲಿಲ್ಲ…