ಉತ್ತರ ಕೊಡದೆ ಪಡೆದ ಕನ್ನಡಿ

ಮಾಲು ಅಂತ ತೂಗಿ ನೋಡಿದರೆ ನಮ್ಮ ಕ್ಷೌರದಂಗಡಿಯವನು ಬಳಸಿದ್ದಾದರೂ ಗಟ್ಟಿ ಸರಕು. ಕೈ ಹಗುರ, ನಾಲಿಗೆ ಚುರುಕು, ಮೊಣಕಾಲು ಮಾತ್ರ ಸವೆದಿದೆ. ಹಳೇ ಅಂಗಡಿ ಸಾಮಾನು ಕೊಂಡು ಮಾರುವ ನನಗೇ ಅವನೆದುರು ಚೌಕಾಸಿಯಲ್ಲಿ ಗೆದ್ದ ನೆನಪಿಲ್ಲ.

ಅವನ ಕಸುಬೆಲ್ಲ ಕನ್ನಡಿಯಲ್ಲಿತ್ತು. ಬ್ಲೇಡು, ಕ್ರೀಮು ಮಾರಲು ಬಂದವನನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನ ಹಿಂದೆ ನಿಂತು, ಕನ್ನಡಿಯಲ್ಲಿ ಮುಖ ಓದುತ್ತಿದ್ದ.

"ಬಾಯಿ ಆಗಲ್ಲ ಅಂತಿದೆ, ಹುಬ್ಬು ಆಗ್ಲೇ ಒಪ್ಕೊಂಡಾಯ್ತಲ್ಲ ಸ್ವಾಮಿ!"

ಬಂದವನು ನಕ್ಕು ಬೆಲೆ ಇಳಿಸುತ್ತಿದ್ದ.

ಕೊನೆಗೆ ಮೊಣಕಾಲು ಕೈಕೊಟ್ಟಿತು. ಅಂಗಡಿ ಮುಚ್ಚಿ, ಮನೆಯ ಮುಂದಿನ ಕೋಣೆಯಲ್ಲೇ ಹಳೇ ಗಿರಾಕಿಗಳ ತಲೆ ನೋಡಿಕೊಳ್ಳುವುದೆಂದು ನಿರ್ಧರಿಸಿದ. ಎರಡು ತಿರುಗುಕುರ್ಚಿಗಳ ಫೋಟೊ ನನ್ನ ಮೊಬೈಲಿಗೆ ಬಂತು, ಜೊತೆಗೆ ಬೆಲೆ. "ಗೋಡೆ ಕನ್ನಡಿ ಮಾತ್ರ ಕೊಡಲ್ಲ ಅಣ್ಣಾ. ಅದಿಲ್ದೆ ನಂಗೆ ಕೈಯೇ ಓಡಲ್ಲ."

ಬೆಲೆ ನ್ಯಾಯವಾಗಿಯೇ ಇತ್ತು. ಒಪ್ಪುವವನಿದ್ದೆ, ಊಟವಾಗಿತ್ತು, ಕಣ್ಣು ಎಳೆಯಿತು. ಎದ್ದು ನೋಡಿದರೆ, "ಜಾಸ್ತಿ ಆಯ್ತಾ ಅಣ್ಣಾ?" ಅದರ ಕೆಳಗೆ, "ಸರಿ, ಸ್ವಲ್ಪ ಬಿಟ್ಕೊಡ್ತೀನಿ." ನನ್ನ ಗೊರಕೆಯ ಜೊತೆ ಚೌಕಾಸಿ ಮಾಡಿ ಸೋತಿದ್ದ ಪುಣ್ಯಾತ್ಮ!

ಅಲ್ಲಿಯವರೆಗೆ ತಪ್ಪು ನಿದ್ದೆಯದು. ಆಮೇಲಿನದು ನನ್ನದು. ಓದಿದ್ದೇನೆಂಬ ಗುರುತು ಅವನಿಗೆ ಕಾಣಲೆಂದು ಬಿಟ್ಟು, ಮೊಬೈಲ್ ಬೋರಲು ಹಾಕಿ, ಚಹಾ ಕುಡಿಯುತ್ತ ಕೂತೆ. ಎದುರಿಗಿದ್ದಿದ್ದರೆ ನನ್ನ ಹುಬ್ಬು ನೋಡಿಯೇ ಹಿಡಿದುಬಿಡುತ್ತಿದ್ದ. ಖಾಲಿ ಪರದೆಯಲ್ಲಿ ಅವನಿಗೆ ಕಂಡದ್ದು ಕೋಪ ಮಾತ್ರ. ಮೊಬೈಲ್ ಮತ್ತೆ ಗುಂಯ್‌ಗುಟ್ಟಿತು.

"ಬೇಜಾರ್ ಮಾಡ್ಕೋಬೇಡಿ ಅಣ್ಣಾ. ಕನ್ನಡೀನೂ ಸೇರಿಸ್ಕೊಳ್ಳಿ."

"ಆಯ್ತು" ಎಂದು ಬರೆದೆ. ಇದಕ್ಕೆ ಮಾತ್ರ ಬೆರಳು ತಡಮಾಡಲಿಲ್ಲ.

ಮರುದಿನ ಗಾಡಿಗೆ ಏರಿಸುವ ಮುನ್ನ ಕನ್ನಡಿಯನ್ನು ತಾನೇ ಒರೆಸಿಕೊಟ್ಟ. ಅದರೊಳಗೆ ನನ್ನ ಮುಖ ಬೀಳದಂತೆ ಪಕ್ಕಕ್ಕೆ ಸರಿದು ನಿಂತೆ.

"ಬೇಜಾರು ಹೋಯ್ತಾ ಅಣ್ಣಾ?"

"ಹೋಯ್ತು ಬಿಡೋ" ಎಂದೆ, ದೊಡ್ಡ ಮನಸ್ಸಿನವನ ಹಾಗೆ.

ಕನ್ನಡಿ ಆ ವಾರವೇ ಒಂದು ಹೊಸ ಸಲೂನಿಗೆ ಹೋಯಿತು. ಅವನ ಮನೆಯಲ್ಲೀಗ ಗಿರಾಕಿಗಳು ಬರೀ ಗೋಡೆ ನೋಡುತ್ತ ಕೂರುತ್ತಾರೆ. ಹಿಂದೆ ನಿಂತವನಿಗೆ ಯಾರ ಮುಖವೂ ಕಾಣದು. ಕತ್ತರಿ ಆಡುತ್ತದೆ, ಮಾತು ಆಡುವುದಿಲ್ಲ. ತಿಂಗಳಿಗೊಮ್ಮೆ ನಾನೂ ಅಲ್ಲಿ ತಲೆ ತಗ್ಗಿಸಿ ಕೂರುತ್ತೇನೆ. ಕೂದಲು ಕತ್ತರಿಸಲು ಅದೇ ಅನುಕೂಲ ಎಂದುಕೊಂಡಿದ್ದಾನೆ.

ಅವನಿಗೆ ನಾನು ಒಂದು ಗೋಡೆ ಕನ್ನಡಿ ಕೊಡಬೇಕು. ನನಗೆ ಬೇಜಾರೇ ಆಗಿರಲಿಲ್ಲ ಎಂಬ ಮಾತನ್ನೂ.