ಮೇಸ್ತ್ರಿ ಗಡಿಯಾರದ ಅಮಾಸಿ

ಸಂಡೂರು ಗುಡ್ಡದ ಆ ಗಣಿಯಲ್ಲಿ ಭಾನುವಾರ ಇರಲಿಲ್ಲ. ಹಬ್ಬವೂ ಇರಲಿಲ್ಲ. ಇದ್ದದ್ದು ಅಮಾಸಿ ಒಂದೇ. ಆ ರಜೆಯನ್ನು ಸರ್ಕಾರ ಕೊಟ್ಟಿರಲಿಲ್ಲ, ಸಂಘ ಹೋರಾಡಿ ತಂದಿರಲಿಲ್ಲ; ಲಾರಿಯವರ ಹೆದರಿಕೆ ಕೊಟ್ಟಿತ್ತು. ಅಮಾಸಿ ದಿನ ಉರುಳಿದ ಗಾಲಿ ರಕ್ತ ಕೇಳುತ್ತದೆ ಅಂತ ಡ್ರೈವರುಗಳು ಲಾರಿ ತೊಳೆದು, ಕುಂಬಳಕಾಯಿ ಒಡೆದು ಮಲಗಿಬಿಡುತ್ತಿದ್ದರು. ಲಾರಿ ನಿಂತರೆ ಅದಿರು ತುಂಬುವ ಹಿಟಾಚಿ ನಿಲ್ಲುತ್ತಿತ್ತು. ಹಿಟಾಚಿ ನಿಂತರೆ ಜರಡಿ ಹಿಡಿಯುವ ಹೆಂಗಸರು ಮನೆಯಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು.

ಮೇಸ್ತ್ರಿ ಗಾದಿಲಿಂಗಪ್ಪನಿಗೆ ಮಾತ್ರ ಅವತ್ತೇ ಮುಖ್ಯ ಕೆಲಸ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. ತಿಂಗಳೆಲ್ಲ ಮದ್ದು ಸಿಡಿಸಿದ ಮೇಲೆ ಮೇಲಿನ ಗೋಡೆಯ ಬಂಡೆಗಳು ಹಲ್ಲು ಸಡಿಲಾದಂತೆ ಅಲ್ಲಾಡುತ್ತಿದ್ದವು. ಕೆಳಗೆ ಜನ ಇದ್ದಾಗ ಅವನ್ನು ಮುಟ್ಟುವಂತಿಲ್ಲ, ಜನರನ್ನು ಸರಿಸಲು ಗುತ್ತಿಗೆದಾರ ವಿಜಯಕುಮಾರ್ ಬಿಡುತ್ತಿರಲಿಲ್ಲ. ಹಾಗಾಗಿ ಅಮಾಸಿಗೆ ಗಣಿ ಬರಿದಾದಾಗ ಗಾದಿಲಿಂಗಪ್ಪ ಇಬ್ಬರನ್ನು ಕರೆದುಕೊಂಡು ಹಾರೆ ಹಿಡಿದು ಮೇಲೆ ಹತ್ತುತ್ತಿದ್ದ. ಬಂಡೆಗೆ ತಟ್ಟಿ ಸದ್ದು ಕೇಳುತ್ತಿದ್ದ. ಟೊಳ್ಳು ಸದ್ದು ಬಂದದ್ದನ್ನು ಮೀಟಿ ಉರುಳಿಸುತ್ತಿದ್ದ. ಆ ಗಣಿಯಲ್ಲಿ ಅಲ್ಲಿಯವರೆಗೆ ಹೆಣ ಬೀಳದೆ ಇದ್ದದ್ದಕ್ಕೆ ಅದೇ ಕಾರಣ, ದೇವರಲ್ಲ.

ಅವನು ಕಮಲಾಪುರದವನು. ಕಂಡವರ ಗದ್ದೆಯಲ್ಲಿ ಕಬ್ಬು ಕಡಿದು ಬೆಳೆದವನು. ಚೀನಾಕ್ಕೆ ಅದಿರಿನ ಮಣ್ಣು ಹೋಗತೊಡಗಿದ ಕಾಲದಲ್ಲಿ ಊರೆಲ್ಲ ಗುಡ್ಡ ಹತ್ತಿದಾಗ ಅವನೂ ಹತ್ತಿದ. ಕುಡಿಯುತ್ತಿರಲಿಲ್ಲ. ಇದ್ದ ಒಂದೇ ಚಟ, ತಾನು ಉಳಿದವರಂತೆ ಅಲ್ಲ ಅಂತ ತೋರಿಸಿಕೊಳ್ಳುವುದು. ಅದಕ್ಕೊಂದು ದಾರಿ ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ, ಗಡಿಯಾರ ರಿಪೇರಿಯ ಅಂಜಿನಯ್ಯನ ಡಬ್ಬಿ ಅಂಗಡಿಯಲ್ಲಿ ಸಿಕ್ಕಿತು.

ಆಗ ಹೊಸಪೇಟೆಯಲ್ಲಿ ನಿನ್ನೆ ಮೊನ್ನೆ ದುಡ್ಡು ಕಂಡವರೆಲ್ಲ ತಟ್ಟೆಯಷ್ಟು ದೊಡ್ಡ ಹಳದಿ ಗಡಿಯಾರ ಕಟ್ಟಿಕೊಂಡು ಕೈ ಬೀಸುತ್ತಿದ್ದರು. ಅಂಜಿನಯ್ಯನ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಸಣ್ಣದು ಬಿದ್ದಿತ್ತು. ಡ್ಯಾಂ ಕಟ್ಟುವಾಗ ಬಂದಿದ್ದ ಯಾವನೋ ಇಂಜಿನಿಯರನದು. ರಿಪೇರಿಗೆ ಕೊಟ್ಟ ಮನೆಯವರು ತಿರುಗಿ ಬರಲಿಲ್ಲ. ಬಂಗಾರದ್ದೇ, ಆದರೆ ಮಾಸಿತ್ತು. ಯಾರೂ ಕೈ ಹಾಕಿರಲಿಲ್ಲ.

"ಇದೇನ್ರಿ, ಹೆಣ್ಮಕ್ಕಳದಾ?" ಅಂದ ಗಾದಿಲಿಂಗಪ್ಪ.

"ಕುಂದ್ರು, ತೋರಸ್ತೀನಿ," ಅಂದ ಅಂಜಿನಯ್ಯ, ಕಣ್ಣಿನ ಭೂತಗನ್ನಡಿ ತೆಗೆಯದೆ. "ಸ್ವಿಸ್ ಮಾಲು. ಈ ಕಿಂಡ್ಯಾಗ ವಾರ, ಇದರಾಗ ತಿಂಗಳು. ಈ ಕೆಂಪು ಮೂತಿ ಮುಳ್ಳು ತಾರೀಖು ತೋರಸ್ತೈತಿ. ಕೆಳಗ ನೋಡು."

ಕೆಳಗೆ ಬಳೆಚೂರಿನಂಥ ಕಿಟಕಿ. ಒಳಗೆ ಕಡುನೀಲಿ ಆಕಾಶ, ಸಾಸಿವೆಯಂಥ ಚಿಕ್ಕೆಗಳು, ಬಂಗಾರದ ಚಂದ್ರ. ಚಂದ್ರ ಎಡಕ್ಕೆ ಹುಟ್ಟಿ, ದಿನದಿನಕ್ಕೆ ಸರಿದು, ಹುಣ್ಣಿಮೆಗೆ ನಡುವೆ ಬಂದು, ಬಲಕ್ಕೆ ಮುಳುಗುತ್ತಾನೆ. ಅಮಾಸಿಗೆ ಬರೀ ಚಿಕ್ಕೆ.

ಗಾದಿಲಿಂಗಪ್ಪ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದ. ಮನೆಯಗಲದ ಯಂತ್ರಗಳ ನಡುವೆ ಬದುಕಿದವನು, ಉಗುರಗಲದ ಯಂತ್ರ ಸದ್ದಿಲ್ಲದೆ ಆಕಾಶ ತಿರುಗಿಸುವುದನ್ನು ಕಂಡಿರಲಿಲ್ಲ.

"ಇದಕ್ಕ ಒಂದು ಕುಂದೈತಿ," ಅಂದ ಅಂಜಿನಯ್ಯ. "ತಿಂಗಳಿಗೆ ಮೂವತ್ತೋ ಮೂವತ್ತೊಂದೋ ಇದಕ್ಕ ತಿಳಿಯಂಗಿಲ್ಲ. ಬಗಲಾಗ ಸಣ್ಣ ಸಣ್ಣ ಗುಂಡಿ ಅದಾವ, ಪಿನ್ನಿನಿಂದ ಒತ್ತಿ ನಾವ ಹೇಳಿಕೊಡಬೇಕು. ಚಂದ್ರನಿಗೂ ಒಂದೈತಿ. ಒಂದು ಒತ್ತು ಒಂದು ದಿನ."

ದೀಪಾವಳಿಯ ಇನಾಮು ಅಲ್ಲೇ ಸುರಿದು ಬಂದ. ಹೆಂಡತಿ ಬಸಕ್ಕ ನೋಡಿ, "ಮನ್ಯಾಗ ಅಕ್ಕಿ ಡಬ್ಬಿ ಬರಿದೈತಿ, ನಿನಗ ಚಂದ್ರ ಬೇಕಾಗಿತ್ತಾ?" ಅಂದಳು. ಗುಡ್ಡದ ಮೇಲೆ ಮಾತ್ರ ದರ್ಬಾರು. ಊಟದ ಹೊತ್ತಿಗೆ ಎಲ್ಲರೂ ಅವನ ಮಣಿಕಟ್ಟಿನ ಸುತ್ತ ಬಗ್ಗುತ್ತಿದ್ದರು. ಜರಡಿ ಹೆಂಗಸರ ಮುಂದಾಳು ದುರ್ಗಕ್ಕ ಗಾಜಿಗೆ ಕುಂಕುಮ ಹಚ್ಚಿದಳು.

"ತಾನ ತಿರಗ್ತೈತೇನಣ್ಣ?"

"ತಾನ ತಿರಗ್ತೈತಿ. ಪಂಚಾಂಗ ತಪ್ಪಬಹುದು, ಇದು ತಪ್ಪಂಗಿಲ್ಲ." ಬಗಲ ಗುಂಡಿಯ ಮಾತು ಅವನು ಎತ್ತಲಿಲ್ಲ. ಅದನ್ನು ತೋರಿಸಿದ್ದು ವಿಜಯಕುಮಾರ್ ಒಬ್ಬನಿಗೇ. ಧಣಿ ಹೆಗಲ ಮೇಲೆ ಕೈ ಹಾಕಿ ಕೇಳಿದ್ದ, ಇವನು ಉಬ್ಬಿಹೋಗಿದ್ದ.

ಅಮಾಸಿ ಕೆಲವು ತಿಂಗಳು ಎರಡು ದಿನಕ್ಕೆ ಚಾಚಿಕೊಳ್ಳುತ್ತದೆ. ಇವತ್ತು ಮಧ್ಯಾಹ್ನ ಹಿಡಿದು ನಾಳೆ ಮಧ್ಯಾಹ್ನ ಬಿಡುತ್ತದೆ. ಅಂಥ ತಿಂಗಳು ಡ್ರೈವರುಗಳು ಇವತ್ತು ಅನ್ನುತ್ತಿದ್ದರು, ಹೆಂಗಸರು ನಾಳೆ. ಒಮ್ಮೆ ಜಗಳ ಜೋರಾದಾಗ ವಿಜಯಕುಮಾರ್ ನಕ್ಕ.

"ಬಡಿದಾಡಬ್ಯಾಡ್ರಲೇ. ಮೇಸ್ತ್ರಿ ಗಡಿಯಾರದಾಗ ಚಂದ್ರ ಯಾವತ್ತು ಮುಳುಗ್ತಾನೋ ಅವತ್ತ ರಜಾ. ಆತಿಲ್ಲೋ?"

ಎಲ್ಲರೂ ಹೂಂ ಅಂದರು. ಗಾದಿಲಿಂಗಪ್ಪನ ಎದೆ ಒಂದು ಗೇಣು ಅಗಲವಾಯಿತು. ಕಾಯಿದೆ ತಮ್ಮ ಕೈಯಿಂದ ಜಾರಿ ಧಣಿಯ ಕೈಗೆ ಹೋದದ್ದು ಯಾರಿಗೂ ಕಾಣಲಿಲ್ಲ.

ಶ್ರಾವಣದಲ್ಲಿ ಮಳೆ ಬಿಡಲಿಲ್ಲ. ಮೇಲಿನ ಗೋಡೆಯ ನೆತ್ತಿಯಲ್ಲಿ ಗಾದಿಲಿಂಗಪ್ಪ ಒಂದು ಸೀಳು ಕಂಡ. ಬೆರಳು ತೂರುವಷ್ಟು. ಈ ಅಮಾಸಿಗೆ ಅದನ್ನು ಕೆಡವಲೇಬೇಕು ಅಂದುಕೊಂಡ. ಬಂದರಿನಲ್ಲಿ ಹಡಗು ಕಾಯುತ್ತಿದೆ ಅಂತ ವಿಜಯಕುಮಾರ್ ಫೋನಿನಲ್ಲಿ ಕೂಗಾಡುವುದೂ ಕೇಳಿಸುತ್ತಿತ್ತು.

ಅಮಾಸಿ ಎರಡು ದಿನಕ್ಕೆ ಚಾಚಿದ ತಿಂಗಳೇ ಅದು. ಮೊದಲ ದಿನಕ್ಕೆ ಇನ್ನೂ ಎರಡು ದಿನ ಇರುವಾಗ ಧಣಿ ಕೈ ಚಾಚಿದ.

"ಅದಿರು ಕೊಳ್ಳೋ ಸಾಹೇಬ್ರು ಹೊಸಪೇಟಿಗೆ ಬಂದಾರ. ಹಳೇ ಗಡಿಯಾರದ ಹುಚ್ಚು ಅವರಿಗೆ. ತೋರಿಸಿ ಕೊಡ್ತೀನಿ ತಾ."

ಕೊಟ್ಟಾಗ ಚಂದ್ರ ಬಲಗಡೆ ಉಗುರು ಚೂರಿನಷ್ಟು ಉಳಿದಿದ್ದ. ಅಮಾಸಿ ಹಿಡಿಯುವ ದಿನ "ಗಡಿಯಾರ ಬರಲಿ, ನೋಡೋಣ" ಅಂತ ಹೇಳಿ ವಿಜಯಕುಮಾರ್ ಕೆಲಸ ನಡೆಸಿದ. ಮರುದಿನ ಬೆಳಿಗ್ಗೆ ಜನ ಸೇರಿದಾಗ ವಿಜಯಕುಮಾರ್ ಜೀಪಿನಿಂದ ಇಳಿದು ಎಲ್ಲರಿಗೂ ಕಾಣುವಂತೆ ಅದನ್ನು ಎತ್ತಿ ಹಿಡಿದ. ಚಂದ್ರ ಎಡಗಡೆ ಚಿಗುರಿದ್ದ.

"ಅಮಾಸಿ ನಿನ್ನೇನ ಮುಗೀತಲ್ಲಪ್ಪ. ಹತ್ರಿ, ಜಲ್ದಿ."

ಧಣಿಯೇ ಗುಂಡಿ ಒತ್ತಿದ್ದಾನೆ ಅಂತ ಗಾದಿಲಿಂಗಪ್ಪನಿಗೆ ಗೊತ್ತಾಯಿತು. ಗಡಿಯಾರ ಸುಳ್ಳು ಅಂದರೆ ತನ್ನ ದರ್ಬಾರು ಮುಗಿಯಿತು. ಅನ್ನದಿದ್ದರೆ ಆ ಸೀಳಿನ ಕೆಳಗೆ ಇವರೆಲ್ಲ ನಿಲ್ಲುತ್ತಾರೆ. ಗುಂಪು ಸರಿಸಿ ಮುಂದೆ ಬಂದ. ಧಣಿಯ ಕೈಯಿಂದ ಗಡಿಯಾರ ಕಿತ್ತುಕೊಂಡ.

"ಸುಳ್ಳು! ಇವರು ತಿರುವ್ಯಾರ. ಇಲ್ಲಿ ಗುಂಡಿ ಐತಿ, ನೋಡ್ರಿ." ದುರ್ಗಕ್ಕನ ಸೆರಗಿನ ಪಿನ್ನು ಇಸಿದುಕೊಂಡು ಒತ್ತಿದ. ಎಲ್ಲರ ಕಣ್ಣೆದುರು ಚಂದ್ರ ಕುಪ್ಪಳಿಸಿದ.

ಮೊದಲು ಬಾಯಿ ತೆರೆದದ್ದು ಡ್ರೈವರ್ ಹಾಲೇಶ. "ಹಂಗಾರ ಇಷ್ಟು ತಿಂಗಳು ನೀನೂ ಹಿಂಗ ತಿರುವಿದ್ಯೇನಲೇ ಮೇಸ್ತ್ರಿ?"

"ಇಲ್ಲಪ್ಪ, ದೇವರಾಣಿ..."

"ತಾನ ತಿರಗ್ತೈತಿ ಅಂದಿದ್ಯಲ್ಲಣ್ಣ," ಅಂದಳು ದುರ್ಗಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಅಸಹ್ಯವಿತ್ತು. "ಕುಂಕುಮ ಹಚ್ಚಿಸಿಕೊಂಡಿ ನಮ್ಮ ಕೈಲೆ."

"ಅಮಾಸಿ ಹಾಳಾಗಲಿ! ಮ್ಯಾಲೆ ಸೀಳು ಬಿಟ್ಟೈತಿ, ಇವತ್ತೊಂದಿನ ಕೆಳಗ ಹೋಗಬ್ಯಾಡ್ರಿ!"

"ಈಗ ಸೀಳು ಹುಟ್ಟಿಸಿದ," ಅಂದ ಹಾಲೇಶ. ಯಾರೋ ನಕ್ಕರು. ವಿಜಯಕುಮಾರ್ ಜೀಪು ಹತ್ತಿ ಕೂತ. ಅವನು ಮಾತಾಡುವ ಅಗತ್ಯವೇ ಇರಲಿಲ್ಲ. ಜರಡಿಗಳು ತಲೆಯೇರಿದವು, ಲಾರಿಗಳು ಗುರ್ ಅಂದವು.

ಗಾದಿಲಿಂಗಪ್ಪ ಹಾರೆ ಹಿಡಿದು ಒಬ್ಬನೇ ಮೇಲಕ್ಕೆ ಓಡಿದ. ಕೆಸರಲ್ಲಿ ಎರಡು ಸಲ ಬಿದ್ದ. ನೆತ್ತಿಯ ಸೀಳಿಗೆ ಈಗ ಮೊಣಕೈವರೆಗೆ ಕೈ ಇಳಿಯುತ್ತಿತ್ತು. ಹಾರೆ ಹಾಕುವಂತಿಲ್ಲ, ಕೆಳಗೆ ನೇರವಾಗಿ ಹೆಂಗಸರು ಸಾಲುಗಟ್ಟಿ ಕೂತಿದ್ದರು. ಕೂಗಿದ. ಹಿಟಾಚಿಯ ಸದ್ದಿನಲ್ಲಿ ತನ್ನ ಕೂಗು ತನಗೇ ಕೇಳಿಸಲಿಲ್ಲ. ಅಂಗಿ ಬಿಚ್ಚಿ ಬೀಸಿದ. ದುರ್ಗಕ್ಕ ಒಮ್ಮೆ ತಲೆಯೆತ್ತಿ ನೋಡಿದಳು, ಪಕ್ಕದವಳಿಗೆ ಏನೋ ಅಂದಳು, ಇಬ್ಬರೂ ಮುಖ ತಿರುಗಿಸಿ ಜರಡಿ ಅಲ್ಲಾಡಿಸತೊಡಗಿದರು.

ಗೋಡೆಯ ಬುಡಕ್ಕೆ ಹಿಟಾಚಿ ಹಲ್ಲು ಊರಿತು. ಗಾದಿಲಿಂಗಪ್ಪನ ಅಂಗಾಲಿನ ಕೆಳಗೆ ಗುಡ್ಡ ಮೆಲ್ಲಗೆ ಒಮ್ಮೆ ಮಗ್ಗುಲು ಬದಲಿಸಿತು.