ಕೈಯಲ್ಲಿ ಎಳೆದ ಹಳಿ

ಅವರನ್ನು ಎಲ್ಲರೂ ಸ್ಕೇಲಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತಾರು ವರ್ಷ ರೈಲ್ವೆಯ ನಕ್ಷೆ ಕಚೇರಿಯಲ್ಲಿ ದುಡಿದವರು. ಯಾರ್ಡುಗಳ ಹಳಿ, ತಿರುವು, ಸೇತುವೆ ಎಲ್ಲವನ್ನೂ ಶಾಯಿಯಲ್ಲಿ ಕೂದಲೆಳೆಯಷ್ಟು ಸಣ್ಣಗೆ ಬರೆದವರು. ಆದರೆ ಕೊನೆಯ ಆರು ವರ್ಷ ಅವರು ಒಂದು ಗೆರೆಯನ್ನೂ ಎಳೆದಿರಲಿಲ್ಲ ಎಂಬುದು ಮನೆಯವರಿಗೂ ಗೊತ್ತಿರಲಿಲ್ಲ. ಕಚೇರಿಗೆ ಬಂದ ಕಂಪ್ಯೂಟರ್ ಅವರ ಕೈಗೆ ಬಗ್ಗಲಿಲ್ಲ. ಪಕ್ಕದ ಮೇಜಿನವನು ಬರೆದುಕೊಡುತ್ತಿದ್ದ, ಇವರು ಕೆಳಗೆ ಸಹಿ ಹಾಕುತ್ತಿದ್ದರು.

ನಿವೃತ್ತಿಯಾದ ಮೇಲೆ ಮಾದರಿ ರೈಲು ಕಟ್ಟುವವರ ಗುಂಪೊಂದನ್ನು ಸೇರಿದರು. ಟೈರು ಅಂಗಡಿಯ ಮೇಲೊಂದು ಉದ್ದನೆಯ ಕೋಣೆ, ಆರು ಮಂದಿ ಸದಸ್ಯರು. ಗೋಡೆಯಿಂದ ಗೋಡೆಗೆ ಹಲಗೆ ಹಾಸಿ ದೊಡ್ಡದೊಂದು ಪುಟಾಣಿ ರೈಲುಮಾರ್ಗ ಕಟ್ಟುವುದೆಂದು ತೀರ್ಮಾನವಾದಾಗ, ಮೊದಲು ನಕ್ಷೆ ಹಾಕುವ ಸಾಫ್ಟ್‌ವೇರ್ ಬೇಕು ಎಂದು ಸದಸ್ಯರಲ್ಲೊಬ್ಬನಾದ ಬಡಗಿ ಹೇಳಿದ. ಮೂರು ಹೆಸರುಗಳ ಪಟ್ಟಿಯಾಯಿತು. ಮೂರನ್ನೂ ಬಳಸಿ ನೋಡಿ ಒಂದನ್ನು ಆರಿಸುವವರು ಯಾರು? ಎಲ್ಲರ ಕಣ್ಣೂ ಸ್ಕೇಲಣ್ಣನ ಮೇಲೆ ಬಿತ್ತು. ನನಗೆ ಬರುವುದಿಲ್ಲ ಎನ್ನಲು ಅದೇ ಸರಿಯಾದ ಗಳಿಗೆ. ಅವರು ಕನ್ನಡಕ ಒರೆಸಿಕೊಂಡು, ಒಂದು ತಿಂಗಳು ಕೊಡಿ ಎಂದರು.

ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ಮೊದಲನೆಯದನ್ನು ತೆರೆದರು. ಇಟ್ಟ ಹಳಿಯ ತುಂಡು ಪರದೆಯ ಮೂಲೆಗೆ ಓಡಿಹೋಗಿ ತಲೆಕೆಳಗಾಗಿ ನಿಂತಿತು. ಎರಡನೆಯದರಲ್ಲಿ ಬರೀ ಬೂದು ಪರದೆ, ಎಲ್ಲಿ ಒತ್ತಬೇಕೆಂದೇ ತಿಳಿಯಲಿಲ್ಲ. ಮೂರನೆಯದು ತೆರೆದುಕೊಳ್ಳಲೇ ಇಲ್ಲ. ಮೂರು ವಾರ ಒದ್ದಾಡಿ, ಕೊನೆಗೆ ಅಟ್ಟದಿಂದ ಹಳೆಯ ಪೆನ್ನುಗಳನ್ನು ಇಳಿಸಿ ನಾಲ್ಕೇ ದಿನದಲ್ಲಿ ಇಡೀ ನಕ್ಷೆಯನ್ನು ಕೈಯಲ್ಲಿ ಬರೆದು ಮುಗಿಸಿದರು. ಜೆರಾಕ್ಸ್ ಮಾಡಿಸಿದ ಮೇಲೆ ಅದು ಥೇಟ್ ಯಂತ್ರದ್ದೇ ಆಗಿ ಕಂಡಿತು.

ಗುಂಪಿನವರು ಬಾಯಿ ಬಿಟ್ಟುಕೊಂಡು ನೋಡಿದರು. ಯಾವುದರಲ್ಲಿ ಮಾಡಿದಿರಿ ಎಂದು ಕೇಳಿದಾಗ ಸ್ಕೇಲಣ್ಣನ ಬೆರಳು ಪಟ್ಟಿಯ ಮೊದಲ ಹೆಸರಿನ ಮೇಲೆ ಹೋಯಿತು. ಮೊದಲಿಗಿತ್ತು, ಅಷ್ಟೇ ಕಾರಣ. ಬಹಳ ಸುಲಭ ಎಂದೂ ಸೇರಿಸಿದರು. ಕಂಪ್ಯೂಟರಿನಲ್ಲಿದ್ದ ಪ್ರತಿ ಅಳಿಸಿಹೋಯಿತು, ಉಳಿದದ್ದು ಈ ಕಾಗದವೊಂದೇ ಎಂದರು.

ನಕ್ಷೆಯನ್ನು ಆ ಸಾಫ್ಟ್‌ವೇರಿಗೆ ಮತ್ತೆ ಏರಿಸಿ, ಹಲಗೆಯ ಮೇಲೆ ಹಾಸಲು ಪೂರ್ತಿ ಅಳತೆಯಲ್ಲಿ ಮುದ್ರಿಸುವ ಕೆಲಸವನ್ನು ಗುಂಪಿನ ನರ್ಸಮ್ಮ ವಹಿಸಿಕೊಂಡರು. ಮಕ್ಕಳ ವಾರ್ಡಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದ ಆಕೆ ಹಿಡಿದ ಕೆಲಸ ಬಿಡುವ ಪೈಕಿಯಲ್ಲ. ಆದರೆ ಆ ಸಾಫ್ಟ್‌ವೇರಿನಲ್ಲಿ ಇದ್ದದ್ದು ಮಾದರಿ ಹಳಿ ಮಾರುವ ಕಂಪನಿಗಳ ಸಿದ್ಧ ತುಂಡುಗಳು ಮಾತ್ರ. ತಿರುವೆಲ್ಲ ಗೊತ್ತುಪಡಿಸಿದ ಅಳತೆಯವು. ಸ್ಕೇಲಣ್ಣ ಬರೆದದ್ದೋ ನಿಜವಾದ ಹಳಿಯ ಹಾಗೆ ಮೆಲ್ಲಗೆ ಬಾಗುತ್ತಾ ಹೋಗುವ ತಿರುವು. ಎಲ್ಲಿಂದ ಶುರುಮಾಡಿದರೂ ಸುತ್ತು ಕೂಡುವ ಜಾಗದಲ್ಲಿ ಒಂದು ಬೆರಳಿನಷ್ಟು ಸಂದು ಉಳಿಯುತ್ತಿತ್ತು. ಆಕೆ ಅಳಿಸುವುದು, ಮತ್ತೆ ಜೋಡಿಸುವುದು. ಮೂರು ಭಾನುವಾರ ಹೀಗೇ ಕಳೆದವು.

"ನನ್ನ ತಲೆಗೆ ಹತ್ತೋದಿಲ್ಲ ಅನ್ಸುತ್ತೆ ಅಣ್ಣ. ನಿಮಗೆ ಕೂಡಿದ್ದು ನನಗ್ಯಾಕೆ ಕೂಡ್ತಿಲ್ಲ?"

"ಇನ್ನೊಂದ್ಸಲ ಪ್ರಯತ್ನ ಮಾಡಮ್ಮ. ಕೈ ಪಳಗಬೇಕು, ಅಷ್ಟೆ."

ಅಂದ ಮರುಕ್ಷಣ ಅವರ ಕಿವಿ ಬಿಸಿಯಾಯಿತು. ಫೋನು ಬಂದವರಂತೆ ಕೆಳಗಿಳಿದು ಟೈರುಗಳ ನಡುವೆ ಸುಮ್ಮನೆ ನಿಂತರು.

ಮುಂದಿನ ಭಾನುವಾರ ನರ್ಸಮ್ಮ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಇದನ್ನು ಬುದ್ಧಿ ಇರುವವರಿಗೆ ಕೊಡಿ, ನಾನು ಮರಗಳಿಗೆ ಬಣ್ಣ ಹಚ್ಚಿಕೊಂಡಿರುತ್ತೇನೆ ಎಂದರು. ಹೇಳುವಾಗ ನಕ್ಕರು. ಹಸುಗೂಸಿನ ಮಣಿಕಟ್ಟಿನಲ್ಲಿ ಮೊದಲ ಸಲಕ್ಕೇ ನರ ಹುಡುಕುವ ಹೆಂಗಸು ತನ್ನನ್ನು ತಾನೇ ದಡ್ಡಿ ಎಂದುಕೊಂಡದ್ದನ್ನು ನೋಡಿ ಸ್ಕೇಲಣ್ಣನಿಗೆ ತಡೆಯಲಾಗಲಿಲ್ಲ.

"ಆ ನಕ್ಷೆ ಕಂಪ್ಯೂಟರಿಂದಲ್ಲ," ಎಂದರು. "ನಾನು ಕೈಯಲ್ಲಿ ಬರೆದದ್ದು. ಅದರಲ್ಲಿ ಒಂದು ಹಳಿ ಇಡೋಕೂ ನನಗೆ ಬರಲಿಲ್ಲ."

ಇಂಥ ಕೈ ಯಾರಿಗಿದೆ ಹೇಳಿ ಎಂದು ಬಡಗಿ ಮಾತು ಹಗುರ ಮಾಡಲು ನೋಡಿದ. ಆ ಹೊಗಳಿಕೆ ಸ್ಕೇಲಣ್ಣನ ಕೆನ್ನೆಗೆ ಬಾರಿಸಿದಂತಿತ್ತು. ನರ್ಸಮ್ಮ ಚೀಲ ಎತ್ತಿಕೊಂಡು ಹೊರಟುಹೋದರು.

ಎರಡು ವಾರ ಆಕೆಯ ಸುಳಿವಿಲ್ಲ. ಕೊನೆಗೆ ಸ್ಕೇಲಣ್ಣ ಆಸ್ಪತ್ರೆಗೇ ಹೋಗಿ, ವಾರ್ಡಿನ ಹೊರಗಿನ ಬೆಂಚಿನಲ್ಲಿ ಆಕೆಯ ಪಾಳಿ ಮುಗಿಯುವವರೆಗೂ ಕುಳಿತರು. ಆಕೆ ಬಂದು ಪಕ್ಕದಲ್ಲಿ ಕೂತರು, ಆದರೆ ಅವರ ಕಡೆ ತಿರುಗಲಿಲ್ಲ.

"ಸುಳ್ಳು ಹೇಳಿದ್ದಕ್ಕಲ್ಲ ನನಗೆ ಬೇಜಾರು," ಎಂದರು. "ಯಾಕೆ ಕೂಡ್ತಿಲ್ಲ ಅಂತ ನಿಮ್ಮನ್ನೇ ಕೇಳಿದೆ. ನೀವು ನನ್ನ ಮುಖ ನೋಡ್ಕೊಂಡು, ಕೈ ಪಳಗಬೇಕು ಅಂದ್ರಿ."

ಆರು ವರ್ಷ ಸಹಿ ಹಾಕಿದ ಕಥೆ ಹೇಳಿಕೊಳ್ಳಬೇಕೆಂದೇ ಅವರು ಬಂದಿದ್ದರು. ಈಗ ಅದು ನೆಪ ಹೇಳಿದಂತಾಗುತ್ತದೆ ಅನ್ನಿಸಿ ನುಂಗಿಕೊಂಡರು. ತಪ್ಪಾಯಿತು ಎಂದಷ್ಟೇ ಹೇಳಿದರು, ಅದೂ ನೆಲ ನೋಡಿಕೊಂಡು.

ಆಕೆ ಮುಂದಿನ ಭಾನುವಾರ ಬಂದರು. ಆರೂ ಮಂದಿ ಒಂದೇ ಪರದೆಯ ಸುತ್ತ ಕೂತು ಪಟ್ಟಿಯ ಉಳಿದ ಎರಡು ಸಾಫ್ಟ್‌ವೇರನ್ನು ಪರೀಕ್ಷಿಸಿದರು. ನರ್ಸಮ್ಮ ಆರಿಸಿದ್ದು ಆ ಬೂದು ಪರದೆಯದನ್ನು. ನೋಡಲು ಚೆಂದವಿಲ್ಲ, ಆದರೆ ಹಳಿಯನ್ನು ಬೇಕಾದ ಹಾಗೆ ಬಗ್ಗಿಸಬಹುದು. ಸ್ಕೇಲಣ್ಣ ಅಳತೆ ಹೇಳುತ್ತಾ ಹೋದರು, ಆಕೆ ಎಳೆಯುತ್ತಾ ಹೋದರು. ಸಂಜೆಯ ಹೊತ್ತಿಗೆ ಸುತ್ತು ಕೂಡಿತು.

ಆಮೇಲೆ ಆಕೆ ಮೌಸನ್ನು ಅವರ ಕಡೆ ಸರಿಸಿ, "ಈಗ ನೀವು ಒಂದು ಹಳಿ ಇಡಿ ಸರ್," ಎಂದರು.

ಅಣ್ಣ ಹೋಗಿ ಸರ್ ಬಂದಿತ್ತು. ಅವರು ಒಂದು ತುಂಡು ಇಟ್ಟರು. ಅದು ತಲೆಕೆಳಗಾಗಿ ಕೂತಿತು. ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವರಿಗೆ. ಹೇಗೆ ತಿರುಗಿಸುವುದು ಎಂದು ಎಲ್ಲರ ಮುಂದೆ, ಬಾಯಿಬಿಟ್ಟು ಕೇಳಿದರು. ಆಕೆ ತೋರಿಸಿಕೊಟ್ಟರು.